ಕಣ್ಣಿನ ಗೂಡಿಗೆ ಹೊಕ್ಕ ಚೂರು: ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬಹುದು?

ಪಾಳಿ_ಡಾಕ್ಟರ್
ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಮೇಲೆ ಕೂತ ಧೂಳು, ಗ್ರೈಂಡಿಂಗ್ ಕಿಡಿ ಇವೆಲ್ಲ ಎಮರ್ಜೆನ್ಸಿಯಲ್ಲಿ ದಿನನಿತ್ಯದ ಕೆಲಸ. ಕಾಡುವುದು ಬೇರೆ ಥರದ ಗಾಯ. ಮೇಲ್ರೆಪ್ಪೆಯಲ್ಲಿ 4 ಮಿ.ಮೀ. ತೂತು, "ಕಡ್ಡಿ ಚುಚ್ಚಿತ್ತು, ಆಗಲೇ ಕಿತ್ತು ಬಿಸಾಕಿದೆ" ಅನ್ನುವ ಮಾತು, ದೃಷ್ಟಿ 6/6 ಅಂದರೆ ಪೂರ್ತಿ ಸರಿ, ಒಂದಿಷ್ಟು ಊತ. ಎರಡು ಹೊಲಿಗೆ ಹಾಕಿ ಮನೆಗೆ ಕಳಿಸಿಬಿಡೋಣ ಅನ್ನಿಸುತ್ತದೆ. ತಿಳಿದವರು ಮೂರು ವಿಷಯ ಬಿಡಿಸಿ ಹೇಳಿ. ಏನು ಕಂಡರೆ ಹೊಲಿಗೆಗೆ ಕೈ ಹಾಕದೆ ಸಿಟಿ ಸ್ಕ್ಯಾನ್‌ಗೆ ಕಳಿಸಬೇಕು? ಚೂರು ಹೊರಗೆ ಚಾಚಿಕೊಂಡಿದ್ದರೆ ಅಲ್ಲೇ ಎಳೆಯಬಹುದೇ? ಒಳಗಿರುವ ಎಲ್ಲವನ್ನೂ ತೆಗೆಯಲೇಬೇಕೇ?

ಗೂಡು_ಸರ್ಜನ್
ಎರಡನೆಯದಕ್ಕೆ ಮೊದಲು ಉತ್ತರ: ಎಳೆಯಬೇಡಿ. ಹೊರಗೆ ಕಾಣುವುದು ಬಾಲ ಮಾತ್ರ. ತುದಿ ಎಲ್ಲಿದೆ ಎಂದು ಸಿಟಿ ನೋಡದೆ ಯಾರೂ ಹೇಳಲಾರರು.

ಅಳತೆ ನೆನಪಿಡಿ. ಗೂಡಿನ ಅಂಚಿನಿಂದ ಹಿಂದಿನ ತುದಿಗೆ ಬರೀ 40–45 ಮಿ.ಮೀ. ಇಡೀ ಗೂಡಿನ ಗಾತ್ರ ಸುಮಾರು 30 ಮಿ.ಲೀ., ಅದರಲ್ಲಿ ಕಣ್ಣುಗುಡ್ಡೆಯೇ 7 ಮಿ.ಲೀ. ತಿನ್ನುತ್ತದೆ. ಒಳಗೋಡೆಯ ಮೂಳೆ ಹಲವು ಕಡೆ 0.2–0.4 ಮಿ.ಮೀ. ದಪ್ಪ, ಅದರಾಚೆ ಸೈನಸ್, ಅಂದರೆ ಮೂಗಿನ ಪಕ್ಕದ ಗಾಳಿಕುಳಿ. ಮೇಲ್ಗೋಡೆಯೂ ತೆಳು, ಆಚೆ ಮಿದುಳಿನ ಮುಂಭಾಗ. ಹಿಂದೆ ಸುಪೀರಿಯರ್ ಆರ್ಬಿಟಲ್ ಫಿಶರ್ ಎಂಬ ಮೂಳೆಯ ಸೀಳಿನ ಮೂಲಕ ಹೋದರೆ ಕ್ಯಾವರ್ನಸ್ ಸೈನಸ್ (ಮಿದುಳಿನ ಬುಡದ ರಕ್ತಕುಳಿ), ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ರಕ್ತನಾಳ. ಗೂಡು ಆಲಿಕೆಯ ಹಾಗೆ ಹಿಂದಕ್ಕೆ ಕಿರಿದಾಗುತ್ತದೆ. ಗೋಡೆಗೆ ತಾಗಿದ ಪೆನ್ಸಿಲ್ ಜಾರುತ್ತ ನೇರ ತುದಿಯತ್ತಲೇ ಸಾಗುತ್ತದೆ. ರಕ್ತನಾಳವನ್ನು ಚುಚ್ಚಿ ಅದನ್ನೇ ಒತ್ತಿ ಹಿಡಿದಿರುವ ಚೂರನ್ನು ಟ್ರಾಲಿಯ ಮೇಲೆ ಎಳೆದರೆ ರಕ್ತ ನಿಲ್ಲಿಸುವ ದಾರಿ ನಿಮ್ಮ ಕೈಯಲ್ಲಿ ಇರುವುದಿಲ್ಲ. ಮರವಾದರೆ ಒಳಗೆ ಮುರಿಯುತ್ತದೆ.

ಮೊದಲ ಪ್ರಶ್ನೆಗೆ: ಗಾಯದಲ್ಲಿ ಹಳದಿ ಕೊಬ್ಬು ಇಣುಕಿದರೆ ಸೆಪ್ಟಮ್ (ರೆಪ್ಪೆಗೂ ಗೂಡಿಗೂ ನಡುವಿನ ಪೊರೆ) ಹರಿದಿದೆ, ಅದು ಇನ್ನು ರೆಪ್ಪೆಯ ಗಾಯವಲ್ಲ, ಗೂಡಿನ ಗಾಯ. ರೆಪ್ಪೆಗೆ ಕೊಬ್ಬಿನ ಪದರವೇ ಇಲ್ಲ. ಕಣ್ಣು ಯಾವುದಾದರೂ ದಿಕ್ಕಿಗೆ ತಿರುಗದಿರುವುದು, ಎರಡಾಗಿ ಕಾಣುವುದು, ರೆಪ್ಪೆ ಏಳದಿರುವುದು, ಕಣ್ಣು ಮುಂದೆ ಬಂದಿರುವುದು, ಚರ್ಮ ಒತ್ತಿದರೆ ಚರಚರ ಅನ್ನುವ ಗಾಳಿ, ಮೂಗಿನಿಂದ ತಿಳಿನೀರು, ಇವುಗಳಲ್ಲಿ ಒಂದಿದ್ದರೂ ಸಿಟಿ. ಏನೂ ಇಲ್ಲದಿದ್ದರೂ ಉದ್ದನೆಯ ಕಿರಿದಾದ ವಸ್ತು ಚುಚ್ಚಿದ್ದು ನಿಜವಾದರೆ, ಅಥವಾ ಏನಾಯಿತೆಂದು ಸರಿಯಾಗಿ ಹೇಳಲಾಗದ ಮಗುವೋ ಕುಡಿದವರೋ ಆಗಿದ್ದರೆ, ಸಿಟಿ ಮಾಡಿಸಿ. ರೆಪ್ಪೆಯ ಒಳಮಡಿಕೆಯ ಕಾಂಜಂಕ್ಟೈವ ಎಂಬ ತೆಳು ಪೊರೆಯ ಮೂಲಕ ಹೊಕ್ಕರೆ ಚರ್ಮದ ಮೇಲೆ ಗಾಯವೇ ಇರುವುದಿಲ್ಲ, ತೂತು ತಾನೇ ಮುಚ್ಚಿಕೊಂಡಿರುತ್ತದೆ.

ಸ್ಲಿಟ್‌ಲ್ಯಾಂಪ್
ಸಿಟಿಗೆ ಮುಂಚೆ ಎರಡು ನಿಮಿಷ ಕಣ್ಣಿಗೆ ಕೊಡಿ. ಗಂಟೆ ಕಳೆದರೆ ರೆಪ್ಪೆ ಊದಿ ಮುಚ್ಚಿಬಿಡುತ್ತದೆ, ಆಮೇಲೆ ದೃಷ್ಟಿ ಎಷ್ಟಿತ್ತು ಎಂಬ ದಾಖಲೆ ಯಾವತ್ತಿಗೂ ಸಿಗುವುದಿಲ್ಲ. ಚಾರ್ಟ್ ಇಲ್ಲದಿದ್ದರೆ ಬೆರಳೆಣಿಕೆ, ಕೈ ಅಲುಗಾಟ, ಬೆಳಕು ಕಾಣುತ್ತದೋ ಇಲ್ಲವೋ ಎಂದಾದರೂ ಬರೆಯಿರಿ.

ರೆಪ್ಪೆ ತೆರೆಯುವಾಗ ಬೆರಳು ಮೂಳೆಯ ಅಂಚಿನ ಮೇಲಿರಲಿ, ಗುಡ್ಡೆಯ ಮೇಲಲ್ಲ. ರೆಪ್ಪೆ ಎತ್ತಿ ಹಿಡಿಯುವ ಡೆಸ್‌ಮಾರ್ ರಿಟ್ರಾಕ್ಟರ್ ಇದ್ದರೆ ಇನ್ನೂ ಒಳ್ಳೆಯದು. ಟಾರ್ಚನ್ನು ಒಂದು ಕಣ್ಣಿಂದ ಇನ್ನೊಂದಕ್ಕೆ ತೂಗಾಡಿಸಿ ನೋಡಿ: ಬೆಳಕು ಬಿದ್ದ ಮೇಲೂ ಪಾಪೆ ಅಗಲವಾದರೆ ದೃಷ್ಟಿ ನರಕ್ಕೋ ರೆಟಿನಾಕ್ಕೋ (ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರ) ಪೆಟ್ಟಾಗಿದೆ. ಗಾಯದ ಕಣ್ಣಿನ ಪಾಪೆ ಕದಲದಂತಾಗಿದ್ದರೆ, ಬೆಳಕನ್ನು ಗಾಯದ ಕಣ್ಣಿಗೆ ತಿರುಗಿಸಿದಾಗ ಒಳ್ಳೆಯ ಕಣ್ಣಿನ ಪಾಪೆ ಹೇಗೆ ನಡೆದುಕೊಳ್ಳುತ್ತದೆ ನೋಡಿ, ಅದು ಅಗಲವಾದರೆ ಅದೇ ಉತ್ತರ.

ಪಾಪೆ ಒಂದು ಕಡೆಗೆ ಚೂಪಾಗಿದ್ದರೆ, ಬಿಳಿಗುಡ್ಡೆಯ ಸುತ್ತಲೂ ರಕ್ತ ಉಬ್ಬಿ ನಿಂತಿದ್ದರೆ, ಆಂಟೀರಿಯರ್ ಚೇಂಬರ್ (ಕಾರ್ನಿಯಾ ಹಿಂದಿನ ನೀರು ತುಂಬಿದ ಜಾಗ) ತೀರ ಆಳವೋ ತೀರ ತೆಳುವೋ ಆಗಿದ್ದರೆ, ಕಂದು ಬಣ್ಣದ್ದೇನೋ ಹೊರಗೆ ಬಂದಿದ್ದರೆ ಗುಡ್ಡೆ ಒಡೆದಿದೆ ಎಂದೇ ಹಿಡಿಯಿರಿ. ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಕಣ್ಣಿನ ಪ್ರೆಶರ್ ನೋಡಬೇಡಿ, ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಪ್ರೋಬ್ ಒತ್ತಬೇಡಿ, ಮುಲಾಮು ಹಾಕಬೇಡಿ. ಗಟ್ಟಿ ಶೀಲ್ಡ್ ಇಡಿ: ಅದು ಹುಬ್ಬಿನ ಮೂಳೆ ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರಬೇಕು, ಕೆಳಗೆ ಹತ್ತಿ ಇರಬಾರದು. ಅಭ್ಯಾಸಬಲದಿಂದ ಪ್ಯಾಡ್ ಇಟ್ಟು ಬಿಗಿಯಾಗಿ ಟೇಪ್ ಹಾಕುವುದು ಎಲ್ಲೆಡೆ ಕಾಣುವ ತಪ್ಪು. ಒಡೆದ ಗುಡ್ಡೆಯನ್ನು ಒತ್ತಿದರೆ ಒಳಗಿನದು ಹೊರಗೆ ಬರುತ್ತದೆ. ವಾಂತಿಯೂ ಅದೇ ಕೆಲಸ ಮಾಡುತ್ತದೆ. ಆದ್ದರಿಂದ ಕೇಳುವ ಮುಂಚೆಯೇ ವಾಂತಿ ತಡೆಯುವ ಆಂಡಾನ್ಸೆಟ್ರಾನ್ 4 ಮಿ.ಗ್ರಾಂ., ಸರಿಯಾದ ನೋವಿನ ಮದ್ದು ಕೊಟ್ಟು, ತಲೆ 30 ಡಿಗ್ರಿ ಎತ್ತರಿಸಿ. ಬಾಯಿಗೆ ಏನೂ ಬೇಡ.

ವರ್ಕ್‌ಶಾಪ್_ಸೇಫ್ಟಿ
ಸ್ಥಳದಲ್ಲಿರುವ ನಮ್ಮಂಥವರು ಏನು ಮಾಡಬೇಕು? ಡಾಕ್ಟರ್ ಸಿಗಲು ಒಂದೆರಡು ಗಂಟೆ ಹಿಡಿಯುವ ಜಾಗಗಳೂ ಇರುತ್ತವೆ. ಶೀಲ್ಡ್ ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಇರುವುದಿಲ್ಲ.

ಸ್ಲಿಟ್‌ಲ್ಯಾಂಪ್
ಕಾಗದದ ಲೋಟ ಸಾಕು. ತಳದ ಕಡೆಯಿಂದ 3 ಸೆಂ.ಮೀ. ಬಿಟ್ಟು ಕತ್ತರಿಸಿ, ಅಂಚು ಮೂಳೆಗೆ ತಾಗುವಂತೆ ಇಟ್ಟು ಟೇಪ್ ಹಾಕಿ. ವಸ್ತು ಹೊರಗೆ ಚಾಚಿದ್ದರೆ ಲೋಟದ ತಳಕ್ಕೆ ತೂತು ಮಾಡಿ ಅದರೊಳಗಿಂದ ದಾಟಿಸಿ, ಅದು ಅಲುಗಾಡದಂತೆ ಸುತ್ತ ಬಟ್ಟೆ ಸುತ್ತಿ ಆಸರೆ ಕೊಡಿ. ಲೋಟವಾಗಲಿ ಬಟ್ಟೆಯಾಗಲಿ ಗುಡ್ಡೆಯನ್ನು ಮುಟ್ಟಬಾರದು. ವಸ್ತು ಉದ್ದವಾಗಿದ್ದು ಬಾಗಿಲಲ್ಲಿ ಹಿಡಿಸದಿದ್ದರೆ, ಮುಖದ ಹತ್ತಿರದ ಭಾಗವನ್ನು ಒಬ್ಬರು ಅಲುಗದಂತೆ ಹಿಡಿದು ಇನ್ನೊಬ್ಬರು ದೂರದಲ್ಲಿ ಕತ್ತರಿಸಬೇಕು. ಕಣ್ಣು ತೊಳೆಯಬೇಡಿ. ಸುಣ್ಣವೋ ಆಸಿಡ್ಡೋ ಬಿದ್ದಿದ್ದರೆ ಮಾತ್ರ ಲೆಕ್ಕ ಬೇರೆ, ಆಗ ತೊಳೆಯುವುದೇ ಮೊದಲ ಕೆಲಸ.

ರೋಗಿಯ ಜತೆಗೆ ಮುರಿದ ಉಳಿದ ತುಂಡನ್ನೂ ಕಳಿಸಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅರ್ಧ ರೋಗನಿರ್ಣಯ ಅದರಲ್ಲೇ ಇದೆ.

ಫಿಲ್ಮ್_ಓದುಗ
ರಿಕ್ವೆಸ್ಟ್ ಫಾರಂನಲ್ಲಿ "ಕಣ್ಣಿಗೆ ಪೆಟ್ಟು" ಎಂದು ಬರೆದು ಕಳಿಸುವ ಎಲ್ಲರಿಗೂ ಒಂದು ಮನವಿ: ಏನು ಚುಚ್ಚಿತು, ಮರವೋ ಗಾಜೋ ಕಬ್ಬಿಣವೋ, ಒಣಗಿದ್ದೋ ಹಸಿಯೋ, ಎಷ್ಟು ದಿನವಾಯಿತು ಬರೆಯಿರಿ. ನಾವು ಯಾವ ವಿಂಡೋ (ಚಿತ್ರದ ಕಪ್ಪು-ಬಿಳುಪಿನ ವ್ಯಾಪ್ತಿ) ಹಾಕಿ ನೋಡುತ್ತೇವೆ ಎಂಬುದು ಅದರ ಮೇಲೆ ನಿಂತಿದೆ.

ಕಾಂಟ್ರಾಸ್ಟ್ ಇಲ್ಲದ ಸಿಟಿ, 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್, ಕೊರೋನಲ್ (ಎದುರಿನ ನೋಟ) ಮತ್ತು ಸಜಿಟಲ್ (ಪಕ್ಕದ ನೋಟ) ಮರುಜೋಡಣೆ ಸಮೇತ. ತಲೆಯ ಮಾಮೂಲಿ 5 ಮಿ.ಮೀ. ಸಿಟಿ ಇದಕ್ಕೆ ಸಾಲದು, ಎರಡು ಸ್ಲೈಸ್ ನಡುವೆ ಚೂರು ಕಳೆದುಹೋಗುತ್ತದೆ. ಲೋಹ ಬೆಳ್ಳಗೆ ಹೊಳೆಯುತ್ತದೆ, ಆದರೆ ಅದರ ಗೆರೆಗೆರೆ ಮಿನುಗಿನಿಂದ ಗಾತ್ರ ನಿಜಕ್ಕಿಂತ ದೊಡ್ಡದಾಗಿ ತೋರುತ್ತದೆ. ಗಾಜು ಬಹುಮಟ್ಟಿಗೆ ಸಿಗುತ್ತದೆ, ಒಂದೂವರೆ ಮಿ.ಮೀ.ಗಿಂತ ಸಣ್ಣದಾದರೆ ತಪ್ಪಬಹುದು.

ಮೋಸ ಮಾಡುವುದು ಮರ. ಒಣಮರದ ರಂಧ್ರಗಳಲ್ಲಿ ಗಾಳಿ ತುಂಬಿರುವುದರಿಂದ ಸಿಟಿಯಲ್ಲಿ ಅದು ಕಪ್ಪಾಗಿ ಕಾಣುತ್ತದೆ. ಮೃದು ಅಂಗಾಂಶದ ವಿಂಡೋದಲ್ಲಿ ಗಾಳಿಗೂ ಅದಕ್ಕೂ ಭೇದವೇ ಇಲ್ಲ. "ಗೂಡಿನಲ್ಲಿ ಗಾಳಿ, ಒಳಗೋಡೆ ಮುರಿದಿರಬಹುದು" ಎಂಬ ವರದಿಗಳಲ್ಲಿ ಕೆಲವು ನಿಜಕ್ಕೂ ಮರದ ಚೂರುಗಳು. ವಿಂಡೋ ಅಗಲವನ್ನು 1000 ಅಥವಾ ಹೆಚ್ಚು ಹೌನ್ಸ್‌ಫೀಲ್ಡ್‌ಗೆ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಏರಿಸಿ. ಗಾಳಿ −1000ದ ಸುತ್ತ, ಕೊಬ್ಬು −100ರ ಸುತ್ತ. ಒಣಮರ ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಇನ್ನೊಂದು ಸುಳಿವು ಆಕಾರ: ಗಾಳಿ ಗುಂಡಗೆ ಅಥವಾ ಅಂಕುಡೊಂಕಾಗಿ ಹರಡುತ್ತದೆ, ನೇರ ಅಂಚಿನ ಉದ್ದನೆಯ "ಗಾಳಿ" ಕಂಡರೆ ಅನುಮಾನಿಸಿ. ದಿನ ಕಳೆದಂತೆ ಮರ ನೀರು ಹೀರಿ ಸ್ನಾಯುವಿನ ಬಣ್ಣಕ್ಕೆ ತಿರುಗುತ್ತದೆ. ಹಸಿಕಡ್ಡಿ ಮೊದಲ ದಿನವೇ ಹಾಗಿರುತ್ತದೆ. ಪೆನ್ಸಿಲ್ ಆದರೆ ನಡುವಿನ ಕಡ್ಡಿ ಬೆಳ್ಳಗೆ, ಸುತ್ತ ಕಪ್ಪು.

ಪಾಳಿ_ಡಾಕ್ಟರ್
ಸಿಟಿ ನಾರ್ಮಲ್, ಆದರೂ ಅನುಮಾನ ಹೋಗುತ್ತಿಲ್ಲ. ಎಂಆರ್‌ಐಗೆ ಹೋಗಬಹುದೇ?

ಫಿಲ್ಮ್_ಓದುಗ
ಲೋಹ ಇಲ್ಲ ಎಂದು ಸಿಟಿ ಹೇಳಿದ ಮೇಲಷ್ಟೇ. ಕಬ್ಬಿಣದ ಚೂರು ಆಯಸ್ಕಾಂತದಲ್ಲಿ ಕದಲಿದರೆ ಉಳಿದಿದ್ದ ದೃಷ್ಟಿಯೂ ಹೋಗಬಹುದು. ಲೋಹ ಇಲ್ಲವಾದರೆ ಎಂಆರ್‌ಐ ಒಳ್ಳೆಯದು: ಕೊಬ್ಬನ್ನು ಅಡಗಿಸಿದ ಟಿ1, ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಮದ್ದಿನ ಸಮೇತ. ಮರ ಟಿ1, ಟಿ2 ಎಂಬ ಎರಡು ಬಗೆಯ ಎಂಆರ್‌ಐ ಚಿತ್ರಗಳಲ್ಲೂ ಕಪ್ಪು, ಸುತ್ತ ಉರಿಯೂತದ ಉಂಗುರ ಬೆಳಗುತ್ತದೆ. ಬರೀ ಎಕ್ಸ್-ರೇ ತೆಗೆಸಿ "ಏನೂ ಇಲ್ಲ" ಅನ್ನುವುದನ್ನು ದಯವಿಟ್ಟು ಬಿಡಿ. ಮರವೂ ಪ್ಲಾಸ್ಟಿಕ್ಕೂ ಅದರಲ್ಲಿ ಕಾಣುವುದೇ ಇಲ್ಲ.

ಹೊಸ_ಪಿಜಿ
ಸಿಟಿಗೆ ಕಳಿಸುವ ಹೊತ್ತಿಗೇ ಕಣ್ಣು ಕಲ್ಲಿನಂತಾಗಿ ಮುಂದೆ ಬಂದಿದ್ದರೆ?

ಗೂಡು_ಸರ್ಜನ್
ಆಗ ಸಿಟಿ ಕಾಯಲಿ. ಗೂಡಿನೊಳಗೆ ರಕ್ತ ತುಂಬಿ ಒತ್ತಡ ಏರಿದರೆ ರೆಟಿನಾಕ್ಕೂ ನರಕ್ಕೂ ರಕ್ತ ನಿಲ್ಲುತ್ತದೆ. 90ರಿಂದ 120 ನಿಮಿಷದೊಳಗೆ ಇಳಿಸದಿದ್ದರೆ ಹೋದ ದೃಷ್ಟಿ ಮರಳುವುದು ಕಷ್ಟ. ದೃಷ್ಟಿ ಇಳಿಯುತ್ತಿದೆ, ಪಾಪೆ ಬೆಳಕಿಗೆ ಸ್ಪಂದಿಸುತ್ತಿಲ್ಲ, ರೆಪ್ಪೆ ಬಿಗಿದು ತೆರೆಯಲಾಗುತ್ತಿಲ್ಲ, ಕಣ್ಣಿನ ಪ್ರೆಶರ್ 40 ಮಿ.ಮೀ. ಪಾದರಸ ದಾಟಿದೆ: ಲ್ಯಾಟರಲ್ ಕ್ಯಾಂಥಾಟಮಿ (ಕಣ್ಣಿನ ಹೊರಮೂಲೆ ಕತ್ತರಿಸುವುದು) ಮತ್ತು ಕೆಳಗಿನ ಕ್ಯಾಂಥಾಲಿಸಿಸ್ (ಕೆಳರೆಪ್ಪೆಯನ್ನು ಮೂಳೆಗೆ ಕಟ್ಟಿದ ಎಳೆ ಬಿಡಿಸುವುದು).

ಮರಗಟ್ಟಿಸಲು ಅಡ್ರಿನಲಿನ್ ಸೇರಿದ 2% ಲಿಗ್ನೋಕೇನ್ 1–2 ಮಿ.ಲೀ. ಹೊರಮೂಲೆಗೆ, ಸೂಜಿಯ ತುದಿ ಮೂಳೆಯ ಕಡೆಗೆ. ಆರ್ಟರಿ ಫೋರ್ಸೆಪ್ಸ್‌ನಿಂದ ಹೊರಮೂಲೆಯನ್ನು ಒಂದು ನಿಮಿಷ ಅದುಮಿ, ರಕ್ತ ಕಡಿಮೆಯಾಗುತ್ತದೆ. ಅದೇ ಗುರುತಿನ ಮೇಲೆ ಕತ್ತರಿಯಿಂದ ಮೂಳೆಯ ಅಂಚಿನವರೆಗೆ ಸುಮಾರು 1 ಸೆಂ.ಮೀ. ಕತ್ತರಿಸಿ. ಇಲ್ಲಿಗೇ ನಿಲ್ಲಿಸಿದರೆ ಒತ್ತಡ ಹೆಚ್ಚೇನೂ ಇಳಿಯುವುದಿಲ್ಲ, ಮುಖ್ಯ ಕೆಲಸ ಇನ್ನು ಮುಂದಿದೆ. ಕೆಳರೆಪ್ಪೆಯನ್ನು ಫೋರ್ಸೆಪ್ಸ್‌ನಿಂದ ಮುಂದಕ್ಕೆ ಎಳೆದು ಹಿಡಿದು, ಮುಚ್ಚಿದ ಕತ್ತರಿಯ ತುದಿಯಿಂದ ತಡವಿದರೆ ಬಿಗಿದ ತಂತಿಯಂಥದ್ದು ಸಿಗುತ್ತದೆ. ಕತ್ತರಿಯನ್ನು ಕೆಳಕ್ಕೂ ಹಿಂದಕ್ಕೂ ತಿರುಗಿಸಿ, ಗುಡ್ಡೆಯಿಂದ ದೂರಕ್ಕೆ, ಅದನ್ನು ಕತ್ತರಿಸಿ. ರೆಪ್ಪೆ ಸಡಿಲವಾಗಿ ಜೋತು ಬಿದ್ದರೆ ಆಯಿತು. ಬೀಳದಿದ್ದರೆ ಇನ್ನೂ ನಾರು ಉಳಿದಿದೆ. ಐದು–ಹತ್ತು ನಿಮಿಷದಲ್ಲಿ ಪ್ರೆಶರ್, ಪಾಪೆ ಮತ್ತೆ ನೋಡಿ. ಇಳಿಯದಿದ್ದರೆ ಮೇಲಿನ ಎಳೆಯನ್ನೂ ಬಿಡಿಸಬೇಕು. ಜತೆಗೆ ಒತ್ತಡ ಇಳಿಸುವ ಮದ್ದು: ಅಸೆಟಜೋಲಮೈಡ್ 500 ಮಿ.ಗ್ರಾಂ. ರಕ್ತನಾಳಕ್ಕೆ, 20% ಮ್ಯಾನಿಟಾಲ್ ಕಿಲೋಗೆ 1 ಗ್ರಾಂನಂತೆ. ಆದರೆ ಮದ್ದು ಕೊಟ್ಟು ನೋಡೋಣ ಎಂದು ಕತ್ತರಿಯನ್ನು ತಡಮಾಡಬೇಡಿ. ಗಾಯವನ್ನು ಆಗಲೇ ಹೊಲಿಯಬೇಡಿ. ಗುಡ್ಡೆ ಒಡೆದ ಅನುಮಾನ ಇದ್ದರೆ ಇದಕ್ಕೆ ಕೈ ಹಾಕುವ ಮುಂಚೆ ನೇತ್ರ ಸರ್ಜನ್ ಬರಬೇಕು.

ಹೊಸ_ಪಿಜಿ
ಸರಿ ಸರ್. ಮೂರನೇ ಪ್ರಶ್ನೆ ಹಾಗೇ ಉಳಿದಿದೆ. ನನ್ನ ಪ್ರಕಾರ ಹೊರವಸ್ತು ಎಂದಮೇಲೆ ತೆಗೆಯುವುದೇ ಕ್ಷೇಮ. ಇಂದು ಸುಮ್ಮನಿದ್ದದ್ದು ನಾಳೆ ಕೀವಾದರೆ ಹೊಣೆ ಯಾರದು?

ಗೂಡು_ಸರ್ಜನ್
ಲೋಹದ ವಿಷಯದಲ್ಲಿ ಒಪ್ಪಲಾರೆ. ಗುಡ್ಡೆಯೊಳಗಿನ ಚೂರನ್ನೂ ಗೂಡಿನ ಕೊಬ್ಬಿನಲ್ಲಿರುವ ಚೂರನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಕಬ್ಬಿಣ ಗುಡ್ಡೆಯೊಳಗಿದ್ದರೆ ಕರಗಿ ರೆಟಿನಾವನ್ನು ಹಾಳು ಮಾಡುತ್ತದೆ, ಅದನ್ನು ತೆಗೆಯಲೇಬೇಕು. ಅದೇ ಕಬ್ಬಿಣ ಗುಡ್ಡೆಯ ಹಿಂದೆ ಕೊಬ್ಬಿನಲ್ಲಿದ್ದರೆ ಸುತ್ತ ನಾರುಪೊರೆ ಕಟ್ಟಿ ವರ್ಷಗಟ್ಟಲೆ ತೆಪ್ಪಗಿರುತ್ತದೆ. ಏರ್‌ಗನ್ ಗುಂಡು, ಸ್ಟೀಲು, ಅಲ್ಯೂಮಿನಿಯಂ, ಗಾಜು, ಬಹುತೇಕ ಪ್ಲಾಸ್ಟಿಕ್ ಎಲ್ಲ ಹಾಗೇ. ಗೂಡಿನ ಹಿಂದಿನ ತುದಿಯ ಹತ್ತಿರ 3 ಮಿ.ಮೀ. ಗುಂಡಿದೆ, ದೃಷ್ಟಿ ಚೆನ್ನಾಗಿದೆ, ಕಣ್ಣು ಎಲ್ಲ ಕಡೆ ತಿರುಗುತ್ತದೆ ಅಂದರೆ ಅದನ್ನು ಹುಡುಕುತ್ತ ಹೋಗುವ ರಿಟ್ರಾಕ್ಟರೇ ದೃಷ್ಟಿ ನರವನ್ನು ಹಾಳು ಮಾಡುತ್ತದೆ. ಚೂರು ಮಾಡದ ಅನಾಹುತವನ್ನು ಸರ್ಜನ್ ಮಾಡಿದಂತೆ.

ತೆಗೆಯಲೇಬೇಕಾದವು: ಮರ, ಮುಳ್ಳು, ಬಿದಿರು, ಸಸ್ಯಮೂಲದ ಏನೇ ಆಗಲಿ, ಎಷ್ಟೇ ಆಳದಲ್ಲಿರಲಿ. ರಂಧ್ರಗಳಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಹೊತ್ತೇ ಬಂದಿರುತ್ತದೆ, ಆಂಟಿಬಯೋಟಿಕ್ ಅದರೊಳಗೆ ಇಳಿಯುವುದಿಲ್ಲ. ತಾಮ್ರವೂ ತೆಗೆಯಬೇಕು, ಶುದ್ಧ ತಾಮ್ರ ಸೋಂಕಿಲ್ಲದೆಯೂ ಕೀವು ತರಿಸುತ್ತದೆ. ಇನ್ನು ನರವನ್ನೋ ಸ್ನಾಯುವನ್ನೋ ಒತ್ತುತ್ತಿರುವ ಚೂರು, ಮುಂದೆ ಬೆರಳಿಗೆ ಸಿಗುವ ಚೂಪು ಚೂರು, ಸೋಂಕು ಎಬ್ಬಿಸಿದ ಚೂರು, ಇವು ಯಾವ ವಸ್ತುವಾದರೂ ಹೊರಗೆ.

ಹೊಸ_ಪಿಜಿ
ಒಳಗೆ ಬಿಟ್ಟ ಏರ್‌ಗನ್ ಗುಂಡಿನ ಸೀಸ ರಕ್ತಕ್ಕೆ ಸೇರುವುದಿಲ್ಲವೇ?

ಗೂಡು_ಸರ್ಜನ್
ಕೊಬ್ಬಿನಲ್ಲಿ ಪೊರೆ ಕಟ್ಟಿದ ಒಂದು ಗುಂಡಿನಿಂದ ಹಾಗಾಗುವುದು ಅಪರೂಪ. ಮಕ್ಕಳು, ಗರ್ಭಿಣಿಯರು, ಹಲವು ಚೂರು ಇರುವವರು ಇವರಲ್ಲಿ ರಕ್ತದ ಸೀಸದ ಮಟ್ಟ ಆಗಾಗ ನೋಡಿ. ಏರಿದರೆ ತೆಗೆಯುವ ಮಾತು ಮತ್ತೆ ಎತ್ತಬಹುದು.

ಥಿಯೇಟರ್_ಸಿಸ್ಟರ್
ಮರದ ಕೇಸ್ ಟೇಬಲ್‌ಗೆ ಬಂದಾಗ ಏನೇನು ತಪ್ಪುತ್ತದೆ ಎಂದು ಹೇಳುತ್ತೇನೆ. ಮಾಮೂಲಿ ಹತ್ತಿಯ ಗಾಜ್ ಬಟ್ಟೆ ಎಲ್ಲರಿಗೂ ಸುಲಭವಾಗಿ ಸಿಗುತ್ತದೆ, ಅದರ ಎಳೆ ಗೂಡಿನ ಕೊಬ್ಬಿನಲ್ಲಿ ಉಳಿದರೆ ಅದೇ ಹೊಸ ಹೊರವಸ್ತು. ದಾರ ಇರುವ ನ್ಯೂರೋ ಪ್ಯಾಟಿ (ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಸಣ್ಣ ಒತ್ತುಪಟ್ಟಿ) ಕೇಳಿ ಇಟ್ಟುಕೊಳ್ಳಿ, ಎಣಿಸಿ ಕೊಡಿ, ಎಣಿಸಿ ತೆಗೆದುಕೊಳ್ಳಿ. ರೋಗಿ ತಂದ ತುಂಡನ್ನು ಕವರಿನಲ್ಲಿ ಟೇಬಲ್ ಪಕ್ಕ ಇಡಿ. ತೆಗೆದ ಚೂರುಗಳನ್ನು ಜೋಡಿಸಿ ಉದ್ದ ಅಳೆದು ಸಿಟಿಯ ಅಳತೆಗೆ ತಾಳೆ ಹಾಕಿದ ಮೇಲೆ ಮಾತ್ರ ಹೊಲಿಗೆ ಕೊಡಬೇಕು. ಚೂರನ್ನೇ ಕಲ್ಚರ್‌ಗೆ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ಕಳಿಸಿ, ಫಾರ್ಮಲಿನ್‌ನಲ್ಲಿ ಹಾಕಬೇಡಿ. ಫಾರಂನಲ್ಲಿ ಫಂಗಲ್ (ಬೂಷ್ಟಿನ) ಕಲ್ಚರ್ ಎಂದು ಬೇರೆಯಾಗಿ ಬರೆಯಬೇಕು, ಬರೆಯದಿದ್ದರೆ ಲ್ಯಾಬ್‌ನವರು ಪ್ಲೇಟನ್ನು ಎರಡು ದಿನಕ್ಕೆ ಎಸೆಯುತ್ತಾರೆ.

ಗೂಡು_ಸರ್ಜನ್
ಸಿಸ್ಟರ್ ಹೇಳಿದ್ದಕ್ಕೆ ಸರ್ಜನ್ ಕಡೆಯ ಮಾತು ಸೇರಿಸುತ್ತೇನೆ. ಗಾಯ ಚಿಕ್ಕದೆಂದು ಅದರಲ್ಲೇ ಎಳೆಯಬೇಡಿ, ದೊಡ್ಡದು ಮಾಡಿ. ಒಳಗಿನ ತೂತಿನ ದಾರಿ ಕೈತಪ್ಪಿದರೆ ಕೊಬ್ಬು ಮುಚ್ಚಿಕೊಂಡು ಚೂರು ಮಾಯವಾಗುತ್ತದೆ. ಆಮೇಲೆ ಕೊಬ್ಬಿನಲ್ಲಿ ಕುರುಡಾಗಿ ಕೆದಕಿದರೆ ಸಿಗುವುದು ಸ್ನಾಯು, ನರ. ಮೈಕ್ರೋಸ್ಕೋಪ್ ಕೆಳಗೆ, ಮಡಿಯುವ ರಿಬ್ಬನ್ ರಿಟ್ರಾಕ್ಟರ್‌ನಿಂದ ದಾರಿಯನ್ನು ತೆರೆದಿಟ್ಟುಕೊಂಡು ಹೋಗಿ. ಮರವನ್ನು ತುದಿಯಲ್ಲಿ ಚಿವುಟಿದರೆ ನೆನೆದ ನಾರು ಕಿತ್ತುಬರುತ್ತದೆ. ಸಾಧ್ಯವಾದಷ್ಟು ಉದ್ದಕ್ಕೆ ಹಿಡಿದು, ಹೊಕ್ಕ ದಿಕ್ಕಿನಲ್ಲೇ ನಿಧಾನ ಹೊರಕ್ಕೆ, ತಿರುಚದೆ. ಕೆಲವು ನಿಮಿಷಕ್ಕೊಮ್ಮೆ ಪಾಪೆ ನೋಡಿ, ಅಗಲವಾಗುತ್ತಿದ್ದರೆ ರಿಟ್ರಾಕ್ಟರ್ ಸಡಿಲಿಸಿ. ಸ್ನಾಯು ಎಳೆದಾಗ ನಾಡಿ ಥಟ್ಟನೆ ಇಳಿಯುತ್ತದೆ, ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿಡಿ: ಎಳೆತ ಬಿಡುವುದೇ ಮೊದಲ ಮದ್ದು, ನಂತರ ಅಟ್ರೋಪಿನ್.

ಸಲೈನ್ ಹದವಾಗಿ ಬಿಟ್ಟು ತೊಳೆಯಿರಿ. ಜೋರಾಗಿ ಚಿಮ್ಮಿಸಿದರೆ ಕೊಳೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಮುಚ್ಚುವಾಗ ಸೆಪ್ಟಮ್‌ಗೆ ಹೊಲಿಗೆ ಹಾಕಬಾರದು, ಹಾಕಿದರೆ ರೆಪ್ಪೆ ಮೇಲಕ್ಕೆ ಜಗ್ಗಿ ಕಣ್ಣು ಮುಚ್ಚುವುದಿಲ್ಲ. ಚರ್ಮ ಮಾತ್ರ ಸಡಿಲವಾಗಿ, ಕೊಳಕು ಗಾಯವಾದರೆ ಒಂದು ಡ್ರೈನ್. ಗಾಯ ಒಳಮೂಲೆಯಲ್ಲಿದ್ದರೆ ಕಣ್ಣೀರಿನ ನಾಳ ಹರಿದಿದೆಯೇ ಎಂದು ಪ್ರೋಬ್ ಮಾಡಿ. ಹರಿದಿದ್ದರೆ 24–48 ಗಂಟೆಯೊಳಗೆ ಸಿಲಿಕೋನ್ ಸ್ಟೆಂಟ್ ಇಟ್ಟು ಜೋಡಿಸಬೇಕು. ತುದಿ ಮೇಲ್ಗೋಡೆ ದಾಟಿದ್ದರೆ ನ್ಯೂರೋ ಸರ್ಜನ್ ಥಿಯೇಟರ್‌ನಲ್ಲೇ ಇರಬೇಕು, ಕೆರೋಟಿಡ್ ಹತ್ತಿರವಿದ್ದರೆ ಮೊದಲು ಸಿಟಿ ಆಂಜಿಯೋ, ಅಂದರೆ ರಕ್ತನಾಳದ ಸಿಟಿ.

ಪಾಳಿ_ಡಾಕ್ಟರ್
ಆಂಟಿಬಯೋಟಿಕ್, ಟಿಟಿ (ಧನುರ್ವಾಯು ಲಸಿಕೆ) ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸ್ಲಿಟ್‌ಲ್ಯಾಂಪ್
ಧನುರ್ವಾಯು ಲೆಕ್ಕ ಸರಳ. ಕೊಳಕು ಅಥವಾ ಆಳದ ಗಾಯ, ಕೊನೆಯ ಡೋಸ್ ಆಗಿ 5 ವರ್ಷ ದಾಟಿದ್ದರೆ ಬೂಸ್ಟರ್. ಮೂರು ಡೋಸ್ ಪೂರ್ತಿಯಾಗಿಲ್ಲ ಅಥವಾ ಗೊತ್ತೇ ಇಲ್ಲ ಅಂದರೆ ಲಸಿಕೆಯ ಜತೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) 250 ಯೂನಿಟ್, ಬೇರೆ ತೋಳಿಗೆ. ಕಣ್ಣಿನ ಗಾಯ ಎಂಬ ಕಾರಣಕ್ಕೆ ಇದನ್ನು ಮರೆಯುವವರು ಬಹಳ.

ಆಂಟಿಬಯೋಟಿಕ್: ಗೂಡಿಗೆ ಸೀಮಿತವಾದ ಗಾಯಕ್ಕೆ ವಯಸ್ಕರಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ 1.2 ಗ್ರಾಂ ರಕ್ತನಾಳಕ್ಕೆ 8 ಗಂಟೆಗೊಮ್ಮೆ, ಆಮೇಲೆ ಬಾಯಿಗೆ. ಪೆನಿಸಿಲಿನ್ ಅಲರ್ಜಿ ಕೇಳಿ. ಗುಡ್ಡೆ ಒಡೆದಿದ್ದರೆ ವ್ಯಾಂಕೊಮೈಸಿನ್ ಕಿಲೋಗೆ 15 ಮಿ.ಗ್ರಾಂ. ಮತ್ತು ಸೆಫ್ಟಾಜಿಡಿಮ್, ಮಣ್ಣು ಸೇರಿದ ಗಾಯದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಣ್ಣನ್ನು ಮುಗಿಸಬಲ್ಲದು, ಅದಕ್ಕೆ ವ್ಯಾಂಕೊ ಬೇಕೇ ಬೇಕು. ಮಿದುಳಿನ ಕಡೆ ದಾಟಿದ್ದರೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ 12 ಗಂಟೆಗೊಮ್ಮೆ, ಮೆಟ್ರೋನಿಡಜೋಲ್, ವ್ಯಾಂಕೊ. ಎಷ್ಟು ದಿನ ಎಂಬುದರಲ್ಲಿ ಒಮ್ಮತವಿಲ್ಲ, ನಾನು ಗಾಯವನ್ನೂ ಕಲ್ಚರನ್ನೂ ನೋಡಿ ನಿಲ್ಲಿಸುವ ಪಕ್ಷ. ಫಂಗಲ್ ಮದ್ದನ್ನು ಎಲ್ಲರಿಗೂ ಮುಂಚಿತವಾಗಿ ಕೊಡುವುದು ನನಗೆ ಸರಿಕಾಣದು.

ವರ್ಕ್‌ಶಾಪ್_ಸೇಫ್ಟಿ
ಸುತ್ತಿಗೆ-ಉಳಿ ಕೆಲಸದಲ್ಲಿ "ಏನೋ ಬಡಿಯಿತು, ಈಗ ಏನೂ ಇಲ್ಲ" ಅನ್ನುವವರನ್ನು ಕಳಿಸಬೇಕೇ?

ಸ್ಲಿಟ್‌ಲ್ಯಾಂಪ್
ಅವತ್ತೇ ಕಳಿಸಿ. ಲೋಹಕ್ಕೆ ಲೋಹ ಬಡಿದಾಗ ಸಿಡಿಯುವ ಚೂರು ಸಣ್ಣದು, ವೇಗ ಜಾಸ್ತಿ. ನೋವಿಲ್ಲದೆ ಗುಡ್ಡೆಯೊಳಗೆ ಹೊಕ್ಕು ಕೂರುತ್ತದೆ, ದೃಷ್ಟಿ ತಿಂಗಳುಗಟ್ಟಲೆ ಚೆನ್ನಾಗಿಯೇ ಇರಬಹುದು. ಪಾಪೆ ಹಿಗ್ಗಿಸಿ ರೆಟಿನಾ ನೋಡಬೇಕು, ಸಿಟಿ ಮಾಡಿಸಬೇಕು. ಗ್ರೈಂಡಿಂಗ್ ಕಿಡಿ ಸಾಮಾನ್ಯವಾಗಿ ಕಾರ್ನಿಯಾದಲ್ಲೇ ನಿಲ್ಲುತ್ತದೆ, ಅದು ಬೇರೆ ಕಥೆ. ತಡೆಯಲು ಪಾಲಿಕಾರ್ಬನೇಟ್ ಕನ್ನಡಕ ಬೇಕು, ಪಕ್ಕದ ಮರೆ ಸಮೇತ. ಓದುವ ಕನ್ನಡಕದ ಗಾಜು ಒಡೆದರೆ ಅದೇ ಚೂರಾಗುತ್ತದೆ.

ಪಾಳಿ_ಡಾಕ್ಟರ್
ಕೊನೆಯದು. ಡಿಸ್ಚಾರ್ಜ್ ಚೀಟಿಯಲ್ಲಿ ಏನಿರಬೇಕು?

ಗೂಡು_ಸರ್ಜನ್
ಸೈನಸ್ ಗೋಡೆ ಮುರಿದಿದ್ದರೆ ಎರಡು ವಾರ ಮೂಗಿನಿಂದ ಜೋರಾಗಿ ಊದಿ ಸಿಂಬಳ ತೆಗೆಯುವಂತಿಲ್ಲ, ಸೀನು ಬಂದರೆ ಬಾಯಿ ತೆರೆದು ಬಿಡಬೇಕು. ಮೊದಲ ಎರಡು ದಿನ ಆ ಕಣ್ಣೊಂದರಿಂದಲೇ ನೋಡಿ ದೃಷ್ಟಿ ಪರೀಕ್ಷಿಸಿಕೊಳ್ಳಲಿ. ಮಂಜಾದರೆ, ನೋವು ಏರಿದರೆ, ಕಣ್ಣು ಮುಂದೆ ಬಂದರೆ, ಜ್ವರ-ತಲೆನೋವು ಬಂದರೆ ರಾತ್ರಿಯಾದರೂ ಬರಲಿ. ಗಾಯ ಮಾಗಿದ ಮೇಲೆ ವಾರಗಳೋ ತಿಂಗಳುಗಳೋ ಕಳೆದು ಅದೇ ಜಾಗದಿಂದ ಕೀವು ಒಸರಿ, ಆಂಟಿಬಯೋಟಿಕ್ ಕೊಟ್ಟಾಗ ನಿಂತು, ಬಿಟ್ಟಾಗ ಮತ್ತೆ ಬಂದರೆ ಒಳಗೆ ಮರ ಉಳಿದಿದೆ ಎಂದೇ ಲೆಕ್ಕ. ನಾಲ್ಕನೇ ಕೋರ್ಸ್ ಬರೆಯುವ ಬದಲು ಮತ್ತೆ ಸ್ಕ್ಯಾನ್ ಮಾಡಿಸಿ.

ಫಿಲ್ಮ್_ಓದುಗ
ಲೋಹ ಬಿಟ್ಟಿದ್ದರೆ ಚೀಟಿಯ ಮೊದಲ ಸಾಲಿನಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ: ಯಾವ ಕಣ್ಣು, ಯಾವ ಲೋಹ, ಎಷ್ಟು ಮಿ.ಮೀ., ಎಂಆರ್‌ಐಗೆ ಮುಂಚೆ ತಿಳಿಸಬೇಕು. ಹತ್ತು ವರ್ಷದ ನಂತರ ಮೊಣಕಾಲಿಗೆ ಎಂಆರ್‌ಐ ಮಾಡಿಸಲು ಹೋದವರು ಕಣ್ಣಿನ ಚೂರಿನ ವಿಷಯ ತಾವಾಗಿ ಹೇಳುವುದಿಲ್ಲ.